ಅಲ್ಜೈಮರ್: ಕಡಿದ ಕೊಂಡಿಗಳ ಚರಿತ್ರೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮನೆಯ ಹಿರಿಯರು ಕನ್ನಡಕ ಎಲ್ಲಿಟ್ಟೆನೆಂದು ಹುಡುಕಾಡಿದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ, ಮೊಮ್ಮಗನನ್ನು ಮಗನ ಹೆಸರು ಹಿಡಿದು ಕರೆದರೆ, ಈ ಒಂದು ಮಾತಿನಿಂದ ಮನೆಮಂದಿ ಸಮಾಧಾನ ಮಾಡಿಕೊಳ್ಳುತ್ತಾರೆ. ಗಾದೆಯಲ್ಲಿ ನಿಂದೆಗಿಂತ ಸಹನೆಯೇ ಹೆಚ್ಚು. ಆದರೆ ಅದರೊಳಗೆ ಒಂದು ತಪ್ಪು ತಿಳಿವಳಿಕೆಯೂ ಸೇರಿಕೊಂಡಿದೆ. ವಯಸ್ಸಾದಂತೆ ನೆನಪು ತುಸು ನಿಧಾನವಾಗುವುದು ಸಹಜ. ದಿನವೂ ನಡೆದ ದಾರಿ, ಬಾಳಿದ ಮನೆ, ಹೆತ್ತ ಮಕ್ಕಳು, ಕಡೆಗೆ ತನ್ನ ಹೆಸರೇ ಮರೆತುಹೋಗುವುದು ಮಾತ್ರ ಸಹಜವಲ್ಲ. ಅದು ರೋಗ.

ಈ ತಪ್ಪು ತಿಳಿವಳಿಕೆ ನಮ್ಮದೊಂದೇ ಆಗಿರಲಿಲ್ಲ. ಯೂರೋಪು ಮತ್ತು ಅಮೆರಿಕದ ವೈದ್ಯಲೋಕವೂ 1960ರ ದಶಕದವರೆಗೆ ಹೆಚ್ಚುಕಡಿಮೆ ಇದೇ ಗಾದೆಯನ್ನು ನಂಬಿತ್ತು. ರೋಗವೆಂದು ಒಪ್ಪಿಕೊಂಡ ಮೇಲೂ ಅದು ಮಿದುಳಿನಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ಸೂಕ್ಷ್ಮದರ್ಶಕದ ಕೆಳಗೆ ಕಲೆಗಳು ಕಂಡ ಜಾಗದಲ್ಲಿ ವಿಜ್ಞಾನಿಗಳು ಅದನ್ನು ದಶಕಗಳ ಕಾಲ ಹುಡುಕಿದರು. ಆ ಜಾಗಗಳನ್ನು ಒಂದಕ್ಕೊಂದು ಜೋಡಿಸುವ ಸಂಪರ್ಕದ ಹಾದಿಗಳೇ ಕಡಿದುಹೋಗುತ್ತಿವೆ ಎಂಬುದು ಮನವರಿಕೆಯಾಗಲು ಸುಮಾರು ನೂರು ವರ್ಷ ಹಿಡಿಯಿತು.

ಒಂದೇ ವರ್ಷ, ಎರಡು ಸಭೆ

1906ರ ನವೆಂಬರ್ 3ರಂದು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಮನೋವೈದ್ಯರ ಸಮ್ಮೇಳನವೊಂದು ಸೇರಿತ್ತು. ಮ್ಯೂನಿಕ್‌ನಿಂದ ಬಂದಿದ್ದ ಆಲೋಯಿಸ್ ಅಲ್ಜೈಮರ್ ಎಂಬ ವೈದ್ಯರು ಅಲ್ಲಿ ಒಬ್ಬ ರೋಗಿಯ ವಿಚಾರವನ್ನು ಮಂಡಿಸಿದರು. ಆಕೆಯ ಹೆಸರು ಆಗುಸ್ಟೆ ಡೆಟರ್. 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಮೊದಲು ಗಂಡನ ಮೇಲೆ ಅಕಾರಣ ಸಂಶಯ, ಆಮೇಲೆ ಮರೆವು, ಗಲಿಬಿಲಿ.

ಅಲ್ಜೈಮರ್ ಕೈಬರಹದಲ್ಲಿ ಬರೆದಿಟ್ಟ ಆಕೆಯ ಕಡತ ದಶಕಗಳ ಕಾಲ ಕಣ್ಣಿಗೆ ಬೀಳದೆ ಇದ್ದು 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲೇ ಸಿಕ್ಕಿತು. ಅದರಲ್ಲಿನ ಸಂಗತಿಗಳು ಮನ ಕಲಕುವಂಥವು. ಹೆಸರು ಕೇಳಿದರೆ ಆಗುಸ್ಟೆ ಎಂದು ಹೇಳುತ್ತಿದ್ದ ಆಕೆ ಮನೆತನದ ಹೆಸರು ಕೇಳಿದರೂ ಆಗುಸ್ಟೆ ಎಂದೇ ಉತ್ತರಿಸಿದರು. ಗಂಡನ ಹೆಸರು ಕೇಳಿದಾಗಲೂ ಅದೇ ಉತ್ತರ. ಊಟಕ್ಕೆ ಹೂಕೋಸು ಮತ್ತು ಹಂದಿಮಾಂಸ ಬಡಿಸಿತ್ತು. ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಸೊಪ್ಪು ಎಂದರು. ಹೆಸರು ಬರೆಯಲು ಹೇಳಿದರೆ ಶ್ರೀಮತಿ ಎಂಬರ್ಥದ ಮೊದಲ ಪದ ಬರೆದು ಅಲ್ಲಿಗೇ ಮರೆಯುತ್ತಿದ್ದರು. ಪ್ರತಿ ಪದವನ್ನೂ ಮತ್ತೆ ಹೇಳಿಕೊಡಬೇಕಾಗುತ್ತಿತ್ತು.

1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಅಲ್ಜೈಮರ್ ಮಿದುಳನ್ನು ಮ್ಯೂನಿಕ್‌ಗೆ ತರಿಸಿಕೊಂಡು ಪರೀಕ್ಷಿಸಿದರು. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿದ ತೆಳುವಾದ ಹೋಳುಗಳಲ್ಲಿ ಎರಡು ವಿಚಿತ್ರಗಳು ಕಂಡವು. ನರಕೋಶಗಳ ಒಳಗೆ ದಪ್ಪನೆಯ ಎಳೆಗಳು ನೂಲಿನ ಉಂಡೆಯಂತೆ ಸಿಕ್ಕುಗಟ್ಟಿದ್ದವು. ಕೋಶಗಳ ಹೊರಗೆ ಅಲ್ಲಲ್ಲಿ ಯಾವುದೋ ವಸ್ತು ಗಸಿಯಂತೆ ಶೇಖರವಾಗಿತ್ತು. ಇದನ್ನೆಲ್ಲ ಅವರು ಸಭೆಯ ಮುಂದಿಟ್ಟರು. ಯಾವ ಚರ್ಚೆಯೂ ನಡೆಯಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಮರುವರ್ಷ ಅವರ ಕಿರು ಲೇಖನ ಪ್ರಕಟವಾಯಿತು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪ್ರಸಿದ್ಧ ಪಠ್ಯಪುಸ್ತಕದಲ್ಲಿ ಈ ಸ್ಥಿತಿಗೆ ‘ಅಲ್ಜೈಮರ್ ರೋಗ’ ಎಂದು ಹೆಸರಿಟ್ಟರು.

ಟ್ಯೂಬಿಂಗೆನ್ ಸಭೆ ನಡೆದು ಆರು ವಾರ ಕಳೆಯುವಷ್ಟರಲ್ಲಿ ಸ್ಟಾಕ್‌ಹೋಂನಲ್ಲಿ ಇನ್ನೊಂದು ಸಭೆ. ಅಲ್ಲಿ ಆ ವರ್ಷದ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇಬ್ಬರು ಹಂಚಿಕೊಂಡರು. ಒಬ್ಬರು ಇಟಲಿಯ ಕ್ಯಾಮಿಲ್ಲೊ ಗೋಲ್ಜಿ, ಇನ್ನೊಬ್ಬರು ಸ್ಪೇನಿನ ಸಾಂಟಿಯಾಗೊ ರಾಮೊನ್ ಇ ಕಹಾಲ್. ವೇದಿಕೆ ಒಂದೇ ಆದರೂ ಅಭಿಪ್ರಾಯ ಪರಸ್ಪರ ವಿರುದ್ಧ. ಡಿಸೆಂಬರ್ 11ರಂದು ಗೋಲ್ಜಿ ಮಾಡಿದ ಭಾಷಣ ಮುಖ್ಯವಾಗಿ ಕಹಾಲ್ ನಂಬಿದ್ದ ಸಿದ್ಧಾಂತದ ಖಂಡನೆಯೇ ಆಗಿತ್ತು. ಮರುದಿನ ಕಹಾಲ್ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು.

ಬಲೆಯೋ, ಬಿಡಿ ಕೋಶವೋ

ಅವರಿಬ್ಬರ ಜಗಳ ಮಿದುಳಿನ ರಚನೆಯನ್ನು ಕುರಿತದ್ದು. 1873ರಲ್ಲಿ ಗೋಲ್ಜಿ ಬೆಳ್ಳಿಯ ನೈಟ್ರೇಟ್ ಬಳಸಿ ನರಕೋಶವನ್ನು ಕಪ್ಪಾಗಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಅದರ ವಿಶೇಷವೆಂದರೆ ಸಾವಿರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ಬಣ್ಣ ಹೀರಿಕೊಂಡು, ತಮ್ಮ ಎಲ್ಲ ಕವಲುಗಳ ಸಮೇತ, ಎಲೆ ಉದುರಿದ ಮರದಂತೆ ಎದ್ದು ಕಾಣುತ್ತಿದ್ದವು. ಇದನ್ನು ನೋಡಿ ಗೋಲ್ಜಿ, ನರತಂತುಗಳೆಲ್ಲ ಒಂದರೊಳಗೊಂದು ಬೆಸೆದು ಮಿದುಳಿಡೀ ಒಂದೇ ಅಖಂಡ ಬಲೆಯಾಗಿದೆ ಎಂದು ತೀರ್ಮಾನಿಸಿದರು. ಕಹಾಲ್ ಅದೇ ವಿಧಾನವನ್ನು ಇನ್ನಷ್ಟು ತಿದ್ದಿ, ಪ್ರತಿಯೊಂದು ನರಕೋಶವೂ ಬಿಡಿ ಘಟಕ, ಒಂದರ ತುದಿ ಇನ್ನೊಂದರ ಹತ್ತಿರ ಬರುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ ಎಂದರು. ಆ ಸಂಧಿಗೆ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1897ರಲ್ಲಿ ಸಿನ್ಯಾಪ್ಸ್ ಎಂಬ ಹೆಸರು ಕೊಟ್ಟಿದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದು ಎರಡು ಕೋಶಗಳ ನಡುವಣ ಸೂಕ್ಷ್ಮ ಬಿರುಕನ್ನು ತೋರಿಸಿದಾಗ ಕಹಾಲ್ ಅವರ ಮಾತೇ ನಿಂತಿತು.

ಅಲ್ಜೈಮರ್ ಬಳಸಿದ ಬೆಳ್ಳಿಯ ಬಣ್ಣವೂ ಗೋಲ್ಜಿ ವಿಧಾನದ ವಂಶಕ್ಕೇ ಸೇರಿದ್ದು. ಆದರೆ ಸ್ಟಾಕ್‌ಹೋಂನಲ್ಲಿ ಎದ್ದ ಪ್ರಶ್ನೆಯನ್ನೂ ಟ್ಯೂಬಿಂಗೆನ್‌ನಲ್ಲಿ ಕಂಡ ರೋಗವನ್ನೂ ಯಾರೂ ಆಗ ಒಟ್ಟಿಗಿಟ್ಟು ನೋಡಲಿಲ್ಲ. ಮಿದುಳು ಬಿಡಿ ಕೋಶಗಳ ಸಮೂಹವಾದರೆ, ಅವುಗಳ ನಡುವಣ ಸಂಪರ್ಕ ತಪ್ಪಿದಾಗ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರದ ಸುಳಿವು ಅದಾಗಲೇ ಮೂರು ದಶಕದಷ್ಟು ಹಳೆಯದಾಗಿತ್ತು.

ಹೆಸರಿಗೂ ವಸ್ತುವಿಗೂ ನಡುವೆ

1874ರಲ್ಲಿ 26 ವರ್ಷದ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯರು ಮಾತು ಕೆಟ್ಟ ರೋಗಿಗಳ ಬಗ್ಗೆ ಒಂದು ಸಣ್ಣ ಗ್ರಂಥ ಬರೆದರು. ವಿಯೆನ್ನಾದ ಥಿಯೊಡೋರ್ ಮೈನರ್ಟ್ ಬಳಿ ಅವರು ಕೆಲಕಾಲ ಕಲಿತಿದ್ದರು. ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ಬಿಳಿಯ ನರತಂತುಗಳ ಕಟ್ಟುಗಳನ್ನು ಮೈನರ್ಟ್ ಜಾಡು ಹಿಡಿದು ಗುರುತಿಸಿದ್ದರು. ಗುರುವಿನ ಈ ವಿಚಾರವನ್ನು ಶಿಷ್ಯ ರೋಗಕ್ಕೆ ಅನ್ವಯಿಸಿದರು. ಮಾತನ್ನು ಕೇಳಿ ತಿಳಿಯುವ ಕೇಂದ್ರ ಒಂದು ಕಡೆ, ಮಾತನ್ನು ಆಡಿಸುವ ಕೇಂದ್ರ ಇನ್ನೊಂದು ಕಡೆ. ಎರಡೂ ಕೇಂದ್ರಗಳು ನೆಟ್ಟಗಿದ್ದು ನಡುವಿನ ಹಾದಿ ಮಾತ್ರ ಕಡಿದರೂ ಮಾತು ಕೆಡುತ್ತದೆ ಎಂಬುದು ಅವರ ವಾದ.

1892ರಲ್ಲಿ ಪ್ಯಾರಿಸ್‌ನ ಜೂಲ್ ಡೆಜೆರಿನ್ ವರ್ಣಿಸಿದ ರೋಗಿ ಇದಕ್ಕೆ ಸಾಕ್ಷಿಯಂತಿದ್ದ. ಅವನು ಸರಾಗವಾಗಿ ಬರೆಯಬಲ್ಲವನಾಗಿದ್ದ. ತಾನೇ ಬರೆದದ್ದನ್ನು ಓದಲು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಕಣ್ಣು ಸರಿಯಿತ್ತು, ಭಾಷೆ ಸರಿಯಿತ್ತು. ಕಂಡ ಅಕ್ಷರ ಭಾಷೆಯ ಕೇಂದ್ರವನ್ನು ತಲುಪುವ ದಾರಿ ಮುಚ್ಚಿಹೋಗಿತ್ತು.

ವಿಚಿತ್ರವೆಂದರೆ 1912ರಲ್ಲಿ ಅಲ್ಜೈಮರ್ ಬ್ರೆಸ್ಲಾವ್ ವಿಶ್ವವಿದ್ಯಾಲಯದ ಮನೋವೈದ್ಯ ಪೀಠಕ್ಕೆ ನೇಮಕಗೊಂಡರು. ಕೆಲವು ವರ್ಷಗಳ ಹಿಂದೆ ಅದೇ ಪೀಠದಲ್ಲಿದ್ದವರು ವೆರ್ನಿಕೆ. ಆದರೂ ಇಬ್ಬರ ವಿಚಾರಗಳು ಕೂಡಲಿಲ್ಲ. 1915ರಲ್ಲಿ ಅಲ್ಜೈಮರ್ 51ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂಪರ್ಕ ಕಡಿತದ ಸಿದ್ಧಾಂತ ಎರಡು ಮಹಾಯುದ್ಧಗಳ ಕಾಲದಲ್ಲಿ ಮರೆಗೆ ಸರಿಯಿತು. ಅದಕ್ಕೆ ಮರುಜೀವ ಕೊಟ್ಟವರು ಅಮೆರಿಕದ ಬಾಸ್ಟನ್‌ನ ನಾರ್ಮನ್ ಗೆಶ್ವಿಂಡ್. ಹಳೆಯ ಜರ್ಮನ್ ಮತ್ತು ಫ್ರೆಂಚ್ ಬರಹಗಳನ್ನು ಹೊಸದಾಗಿ ಓದಿ 1965ರಲ್ಲಿ ಅವರು ಬರೆದ ದೀರ್ಘ ಪ್ರಬಂಧ ನರವೈದ್ಯರ ಒಂದು ಪೀಳಿಗೆಯನ್ನೇ ತಿದ್ದಿತು.

ಮುಪ್ಪು ಬೇರೆ, ರೋಗ ಬೇರೆ

ಇತ್ತ ಅಲ್ಜೈಮರ್ ರೋಗ ವೈದ್ಯಗ್ರಂಥಗಳ ಅಡಿಟಿಪ್ಪಣಿಯಂತೆ ಉಳಿದುಕೊಂಡಿತ್ತು. ಆಗುಸ್ಟೆ ನಡುವಯಸ್ಸಿನ ಹೆಂಗಸಾಗಿದ್ದರಿಂದ, ನಡುವಯಸ್ಸಿನಲ್ಲಿ ಬರುವ ಅಪರೂಪದ ಮರೆವಿಗೆ ಮಾತ್ರ ಆ ಹೆಸರು. ಎಪ್ಪತ್ತು, ಎಂಬತ್ತರ ವಯಸ್ಸಿನವರಿಗೆ ಅದೇ ಬಂದರೆ ಮುಪ್ಪಿನ ಮರೆವೆಂದು ಕೈಬಿಡುತ್ತಿದ್ದರು.

ಈ ಗೋಡೆಯನ್ನು ಒಡೆದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡ. ಗ್ಯಾರಿ ಬ್ಲೆಸೆಡ್, ಬರ್ನಾರ್ಡ್ ಟಾಮ್ಲಿನ್‌ಸನ್, ಮಾರ್ಟಿನ್ ರಾತ್ ಈ ಮೂವರು ವೃದ್ಧರ ನೆನಪಿನ ಶಕ್ತಿಯನ್ನು ಬದುಕಿದ್ದಾಗ ಅಳೆದು, ಸತ್ತ ಮೇಲೆ ಮಿದುಳಿನ ಗಸಿಯನ್ನು ಎಣಿಸಿದರು. ಮರೆವು ಹೆಚ್ಚಾದಷ್ಟೂ ಗಸಿಯ ಪ್ರಮಾಣವೂ ಹೆಚ್ಚಾಗಿತ್ತು. ಇದು ಪ್ರಕಟವಾದದ್ದು 1968ರಲ್ಲಿ. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್, ವಯಸ್ಸಿನ ಬೇಲಿಯನ್ನು ಕಿತ್ತುಹಾಕಬೇಕು, ಎರಡೂ ಒಂದೇ ರೋಗ, ಇದು ಅಪರೂಪದ್ದಲ್ಲ, ಸಾವಿನ ದೊಡ್ಡ ಕಾರಣಗಳಲ್ಲೊಂದು ಎಂದು ಬರೆದರು. ಆ ಬಳಿಕ ಸಂಶೋಧನೆಗೆ ಹಣ ಹರಿಯತೊಡಗಿತು. 1984ರಲ್ಲಿ ಗಸಿಯ ಪ್ರೋಟೀನಾದ ಬೀಟಾ ಅಮಿಲಾಯ್ಡ್ ಅನ್ನು ಜಾರ್ಜ್ ಗ್ಲೆನ್ನರ್ ಬೇರ್ಪಡಿಸಿದರು. ಎಳೆಗಳ ಸಿಕ್ಕಿನಲ್ಲಿರುವುದು ಟಾವ್ ಎಂಬ ಪ್ರೋಟೀನ್ ಎಂಬುದೂ ಅದೇ ದಶಕದಲ್ಲಿ ಗೊತ್ತಾಯಿತು.

ಆದರೆ ಒಂದು ತೊಡಕು ಕಾಡುತ್ತಲೇ ಇತ್ತು. ಮಿದುಳಿನ ತುಂಬ ಗಸಿ ಇದ್ದೂ ಕೊನೆಯವರೆಗೆ ಚುರುಕಾಗಿದ್ದ ವೃದ್ಧರು ಇದ್ದರು. 1991ರಲ್ಲಿ ರಾಬರ್ಟ್ ಟೆರ್ರಿ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ಹಾಕಿದರು. ಗಸಿ ಮತ್ತು ಸಿಕ್ಕುಗಳ ಜೊತೆಗೆ ಅವರು ಸಿನ್ಯಾಪ್ಸ್‌ಗಳನ್ನೂ ಅಳೆದರು. ರೋಗಿಯ ಬುದ್ಧಿಶಕ್ತಿ ಕುಂದಿದ ಪ್ರಮಾಣಕ್ಕೆ ಎಲ್ಲಕ್ಕಿಂತ ಹತ್ತಿರವಾಗಿ ತಾಳೆಯಾದದ್ದು ನಷ್ಟವಾದ ಸಿನ್ಯಾಪ್ಸ್‌ಗಳ ಪ್ರಮಾಣ. ಕಹಾಲ್ ವಾದಿಸಿದ್ದ ಆ ಸಂಧಿಸ್ಥಾನಕ್ಕೇ ರೋಗದ ಎಣಿಕೆ ಬಂದು ನಿಂತಿತು.

ದ್ವೀಪವಾದ ಹಿಪ್ಪೊಕ್ಯಾಂಪಸ್

ಸಿನ್ಯಾಪ್ಸ್ ಎಂಬುದು ಎರಡು ಕೋಶಗಳ ನಡುವಣ ಸಂಪರ್ಕ. ಮಿದುಳಿನ ದೊಡ್ಡ ಹಾದಿಗಳೇ ಕಡಿಯುತ್ತವೆ ಎಂಬುದಕ್ಕೆ ಸಾಕ್ಷ್ಯ ಅದಕ್ಕೂ ಮೊದಲೇ ಅಯೋವಾ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತ್ತು.

ಕಿವಿಯ ಒಳಭಾಗದ ಮಟ್ಟದಲ್ಲಿ, ಮಿದುಳಿನ ಎರಡೂ ಪಕ್ಕಗಳ ಆಳದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಬಾಗಿದ ಭಾಗವಿದೆ. ಹೊಸ ನೆನಪು ಕೂಡಿಕೊಳ್ಳಲು ಅದು ಬೇಕೇಬೇಕು ಎಂಬುದು 1950ರ ದಶಕದಲ್ಲಿ ತಿಳಿದಿತ್ತು. ಮೂರ್ಛೆರೋಗದಿಂದ ಬಳಲುತ್ತಿದ್ದ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಆ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಲಾಗಿತ್ತು. ಆಮೇಲೆ ಅವರು 2008ರಲ್ಲಿ ಸಾಯುವವರೆಗೂ ಹೊಸ ಘಟನೆಗಳನ್ನು ನೆನಪಿಡಲಾರದವರಾದರು.

1984ರಲ್ಲಿ ಬ್ರಾಡ್ಲಿ ಹೈಮನ್, ಗ್ಯಾರಿ ವ್ಯಾನ್ ಹೋಸನ್, ಆಂಟೋನಿಯೊ ಡಮಾಸಿಯೊ ಮತ್ತಿತರರು ಅಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಸಿಕ್ಕುಗಳು ಎಲ್ಲೆಲ್ಲಿವೆ ಎಂದು ಪದರ ಪದರವಾಗಿ ನೋಡಿದರು. ಹಾನಿ ಎಲ್ಲೆಂದರಲ್ಲಿ ಹರಡಿರಲಿಲ್ಲ. ಹಿಪ್ಪೊಕ್ಯಾಂಪಸ್‌ಗೆ ಸುದ್ದಿ ತರುವ ಕೋಶಗಳು ಸತ್ತಿದ್ದವು. ಅಲ್ಲಿಂದ ಹೊರಗೆ ಸುದ್ದಿ ಒಯ್ಯುವ ಕೋಶಗಳೂ ಸತ್ತಿದ್ದವು. ಹೋಗುವ ದಾರಿ, ಬರುವ ದಾರಿ ಎರಡೂ ಮುಚ್ಚಿ, ಹಿಪ್ಪೊಕ್ಯಾಂಪಸ್ ಪ್ರವಾಹದ ನಡುವೆ ಸೇತುವೆ ಕೊಚ್ಚಿಹೋದ ನಡುಗಡ್ಡೆಯಾಗಿತ್ತು. ಮೊಲೈಸನ್‌ಗೆ ಶಸ್ತ್ರವೈದ್ಯರ ಚಾಕು ಮಾಡಿದ್ದನ್ನು ಇಲ್ಲಿ ರೋಗವೇ ಮಾಡಿತ್ತು.

ಇದಕ್ಕೆ ಎರಡು ವರ್ಷ ಮೊದಲು, 1982ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಮಿದುಳಿನ ತಳದಲ್ಲಿರುವ ಇನ್ನೊಂದು ಕೋಶಗುಚ್ಛ ಈ ರೋಗದಲ್ಲಿ ನಾಶವಾಗುವುದನ್ನು ತೋರಿಸಿದ್ದರು. ಅಲ್ಲಿಂದ ಹೊರಟ ತಂತುಗಳು ಮಿದುಳಿನ ಹೊರಪದರಕ್ಕೆಲ್ಲ ಹರಡಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹಂಚುತ್ತವೆ. ಆ ಗುಚ್ಛಕ್ಕೆ ಇರುವ ಹೆಸರು ವೆರ್ನಿಕೆಯ ಗುರು ಮೈನರ್ಟ್ ಅವರದು. ವೈದ್ಯರು ಬಹಳ ಮಂದಿ ರೋಗಿಗಳಿಗೆ ಬರೆದುಕೊಡುವ ಡೊನೆಪೆಜಿಲ್ ಮಾತ್ರೆ ಈ ರಾಸಾಯನಿಕ ಬೇಗ ಕರಗದಂತೆ ತಡೆಯುತ್ತದೆ. ಲಕ್ಷಣಗಳು ಕೆಲಕಾಲ ತುಸು ಹತೋಟಿಗೆ ಬರುತ್ತವೆ. ರೋಗದ ಬೇರು ಹಾಗೆಯೇ ಇರುತ್ತದೆ.

1991ರಲ್ಲಿ ಹೈಕೊ ಮತ್ತು ಎವಾ ಬ್ರಾಕ್ ದಂಪತಿ 83 ಮಿದುಳುಗಳನ್ನು ಪರೀಕ್ಷಿಸಿ ಸಿಕ್ಕುಗಳು ಹಬ್ಬುವ ಆರು ಹಂತಗಳನ್ನು ಗುರುತಿಸಿದರು. ಹಿಪ್ಪೊಕ್ಯಾಂಪಸ್‌ನ ಹೆಬ್ಬಾಗಿಲಿನಂಥ ಭಾಗದಲ್ಲಿ ತೊಡಗಿ, ಒಳಗೆ ಹೊಕ್ಕು, ಕಡೆಗೆ ಹೊರಪದರವನ್ನೆಲ್ಲ ವ್ಯಾಪಿಸುವ ಈ ಕ್ರಮ ಬಹುತೇಕ ರೋಗಿಗಳಲ್ಲಿ ಒಂದೇ ರೀತಿ. ಬ್ರಾಕ್ ದಂಪತಿ ಕೆಲಸ ಮಾಡಿದ್ದು ಆಗುಸ್ಟೆ ಬದುಕಿ ಸತ್ತ ಫ್ರಾಂಕ್‌ಫರ್ಟ್‌ನಲ್ಲೇ. ಮೊದಲು ಹೊಸ ನೆನಪು, ಆಮೇಲೆ ಪದ, ದಾರಿ, ಮುಖ ಎಂಬ ಅನುಕ್ರಮದಲ್ಲಿ ರೋಗಿಯ ಲೋಕ ಕುಗ್ಗುವುದೇಕೆ ಎಂಬುದಕ್ಕೆ ಈ ಹಂತಗಳಲ್ಲಿ ವಿವರಣೆ ಸಿಕ್ಕಿತು.

ಸುಮ್ಮನಿರುವ ಮಿದುಳು ಸುಮ್ಮನಿರದು

ಇಲ್ಲಿಯವರೆಗಿನ ಎಲ್ಲ ಶೋಧನೆಯೂ ಸತ್ತವರ ಮಿದುಳಿನಲ್ಲಿ ನಡೆದದ್ದು. ಬದುಕಿದ್ದವರಲ್ಲಿ ಸಂಪರ್ಕವನ್ನು ನೋಡುವ ಉಪಾಯ 1990ರ ದಶಕದಲ್ಲಿ ಬಂತು. ರಕ್ತದ ಆಮ್ಲಜನಕದ ಏರಿಳಿತವನ್ನು ಎಂಆರ್‌ಐ ಯಂತ್ರದಿಂದ ಗುರುತಿಸಬಹುದೆಂದು 1990ರಲ್ಲಿ ಸೈಜಿ ಒಗಾವಾ ತೋರಿಸಿದರು. ಮಿದುಳಿನ ಯಾವ ಭಾಗ ಕೆಲಸದಲ್ಲಿ ತೊಡಗಿದೆ ಎಂಬುದು ಈಗ ಚಿತ್ರದಲ್ಲಿ ಕಾಣತೊಡಗಿತು.

1995ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಭರತ್ ಬಿಸ್ವಾಲ್ ಒಂದು ವಿಶೇಷವನ್ನು ಗಮನಿಸಿದರು. ಯಂತ್ರದೊಳಗೆ ಮಲಗಿದ ವ್ಯಕ್ತಿ ಏನೂ ಮಾಡದೆ ಸುಮ್ಮನಿದ್ದರೂ, ಎಡಗೈಯನ್ನು ಆಡಿಸುವ ಮಿದುಳಿನ ಭಾಗ ಮತ್ತು ಬಲಗೈಯನ್ನು ಆಡಿಸುವ ಭಾಗ ಒಂದೇ ಲಯದಲ್ಲಿ ಏರಿಳಿಯುತ್ತಿದ್ದವು. ಇದು ಯಂತ್ರದ ಗದ್ದಲವಿರಬೇಕೆಂದು ಹಲವರು ಸಂಶಯಪಟ್ಟರು. ಕ್ರಮೇಣ ವಿಷಯ ಖಚಿತವಾಯಿತು. ಒಟ್ಟಿಗೆ ಕೆಲಸ ಮಾಡುವ ಭಾಗಗಳು ವಿರಾಮದಲ್ಲೂ ಒಂದಕ್ಕೊಂದು ತಾಳ ಹಾಕುತ್ತಿರುತ್ತವೆ. ಈ ತಾಳವನ್ನು ಅಳೆದು ಯಾವ ಭಾಗ ಯಾವುದರ ಜೊತೆ ನಂಟು ಹೊಂದಿದೆ ಎಂಬ ನಕ್ಷೆ ಬರೆಯಬಹುದು.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2. ದೇಹ ಬಳಸುವ ಶಕ್ತಿಯಲ್ಲಿ ಅದರ ಪಾಲು ಸುಮಾರು ಶೇ 20. ಲೆಕ್ಕ ಬಿಡಿಸುವಾಗ, ಓದುವಾಗ ಈ ಖರ್ಚು ಅಲ್ಪ ಸ್ವಲ್ಪ ಮಾತ್ರ ಹೆಚ್ಚುತ್ತದೆ. ಹಾಗಾದರೆ ವಿರಾಮದಲ್ಲಿ ಮಿದುಳು ಇಷ್ಟೊಂದು ಶಕ್ತಿಯನ್ನು ಯಾವುದಕ್ಕೆ ಬಳಸುತ್ತದೆ? ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ 2001ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಹೊರಗಿನ ಕೆಲಸವಿಲ್ಲದಾಗ ಚುರುಕಾಗಿ, ಕೆಲಸ ಕೊಟ್ಟೊಡನೆ ತಣ್ಣಗಾಗುವ ಕೆಲವು ಭಾಗಗಳು ಮಿದುಳಿನಲ್ಲಿವೆ. ಇವೆಲ್ಲ ಸೇರಿ ಒಂದು ಜಾಲ. ಕಳೆದ ದಿನಗಳನ್ನು ನೆನೆಯುವುದು, ನಾಳೆಯನ್ನು ಊಹಿಸುವುದು, ತನ್ನ ಬಗ್ಗೆ ತಾನು ಯೋಚಿಸುವುದು ಈ ಜಾಲದ ಕೆಲಸಗಳೆಂದು ಮುಂದಿನ ಸಂಶೋಧನೆಗಳು ತೋರಿಸಿದವು.

2004ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೈಕೆಲ್ ಗ್ರೈಷಸ್ ಮತ್ತು ಸಂಗಡಿಗರು ಅಲ್ಜೈಮರ್ ರೋಗಿಗಳಲ್ಲಿ ಸಡಿಲವಾಗುವುದು ಇದೇ ಜಾಲ ಎಂದು ಪ್ರಕಟಿಸಿದರು. ಮಿದುಳಿನ ಹಿಂಭಾಗದ ಕೇಂದ್ರಕ್ಕೂ ಹಿಪ್ಪೊಕ್ಯಾಂಪಸ್‌ಗೂ ಇದ್ದ ತಾಳ ತಪ್ಪಿತ್ತು. ಆರೋಗ್ಯವಂತ ವೃದ್ಧರಲ್ಲಿ ಅದು ಉಳಿದಿತ್ತು. ಮುಪ್ಪು ಬೇರೆ, ರೋಗ ಬೇರೆ ಎಂಬ ಮಾತಿಗೆ ಬದುಕಿರುವವರ ಮಿದುಳಿನಿಂದಲೇ ಪುರಾವೆ ಸಿಕ್ಕಿತು. ಅದೇ ವರ್ಷ ಪಿಟ್ಸ್‌ಬರ್ಗ್‌ನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್, ಜೀವಂತ ಮಿದುಳಿನ ಅಮಿಲಾಯ್ಡ್ ಗಸಿಯನ್ನು ಪೆಟ್ ಸ್ಕ್ಯಾನ್‌ನಲ್ಲಿ ತೋರಿಸುವ ರಾಸಾಯನಿಕದ ವರದಿ ಕೊಟ್ಟರು. ಮರುವರ್ಷ ರ‍್ಯಾಂಡಿ ಬಕ್ನರ್ ಮತ್ತು ಸಂಗಡಿಗರು ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ, ಗಸಿ ಹೆಚ್ಚಾಗಿ ಕೂತ ಜಾಗವೂ ಆ ಜಾಲದ ಜಾಗವೂ ಬಹುಮಟ್ಟಿಗೆ ಒಂದೇ ಆಗಿದ್ದವು.

ಆಗುಸ್ಟೆ ತನ್ನನ್ನೇ ತಾನು ಕಳೆದುಕೊಂಡಿದ್ದೇನೆ ಎಂಬರ್ಥದ ಮಾತನ್ನು ಆಡುತ್ತಿದ್ದರೆಂದು ಹೇಳುತ್ತಾರೆ. ನೂರು ವರ್ಷಗಳ ನಂತರದ ಚಿತ್ರಗಳನ್ನು ನೋಡಿದರೆ ಆಕೆಯ ಮಾತು ಬರಿಯ ಪ್ರಲಾಪವಾಗಿ ತೋರುವುದಿಲ್ಲ.

ಜಂಕ್ಷನ್ ಕೆಟ್ಟರೆ

ಸಂಪರ್ಕ ಕಡಿಯುವುದು ಇಷ್ಟು ದೊಡ್ಡ ಅನಾಹುತವೇಕೆ ಎಂಬುದನ್ನು ವಿವರಿಸಲು ಗಣಿತ ನೆರವಾಯಿತು. 1998ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಜ್ ಎಂಬ ಗಣಿತಜ್ಞರು ಸಿನಿಮಾ ನಟರ ಬಳಗ, ವಿದ್ಯುತ್ ಜಾಲ, 302 ನರಕೋಶಗಳಿರುವ ಒಂದು ಪುಟ್ಟ ಹುಳುವಿನ ನರಮಂಡಲ ಈ ಮೂರಕ್ಕೂ ಒಂದೇ ಲಕ್ಷಣವಿದೆ ಎಂದು ತೋರಿಸಿದರು. ಹತ್ತಿರದವು ತಮ್ಮತಮ್ಮಲ್ಲಿ ಗಾಢವಾಗಿ ಹೆಣೆದುಕೊಂಡಿರುತ್ತವೆ. ಕೆಲವೇ ಕೆಲವು ದೂರದ ಅಡ್ಡದಾರಿಗಳಿಂದ ಇಡೀ ಜಾಲ ಒಂದಾಗಿರುತ್ತದೆ. ಸುಮಾರು 8,600 ಕೋಟಿ ನರಕೋಶಗಳ ಮನುಷ್ಯನ ಮಿದುಳೂ ಇದೇ ಬಗೆಯದು.

ರೈಲು ಮಾರ್ಗಕ್ಕೆ ಹೋಲಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. ಎಲ್ಲೋ ಒಂದು ಸಣ್ಣ ನಿಲ್ದಾಣ ಮುಚ್ಚಿದರೆ ಆ ಊರಿನವರಿಗೆ ಮಾತ್ರ ತೊಂದರೆ. ಅರಸೀಕೆರೆ ಜಂಕ್ಷನ್‌ನಲ್ಲಿ ಸಂಚಾರ ನಿಂತರೆ ಬೆಂಗಳೂರು, ಹುಬ್ಬಳ್ಳಿ, ಹಾಸನ, ಮೈಸೂರು ಎಲ್ಲ ಕಡೆಯ ಪ್ರಯಾಣಿಕರೂ ಪರದಾಡಬೇಕು. ಮಿದುಳಿನಲ್ಲೂ ಇಂಥ ಜಂಕ್ಷನ್‌ಗಳಿವೆ. 2009ರಲ್ಲಿ ಬಕ್ನರ್ ತಂಡ ಅವುಗಳ ನಕ್ಷೆ ತಯಾರಿಸಿದಾಗ, ಅಮಿಲಾಯ್ಡ್ ಹೆಚ್ಚಾಗಿ ಶೇಖರವಾಗುವುದು ಜಂಕ್ಷನ್‌ಗಳಲ್ಲೇ ಎಂದು ಗೊತ್ತಾಯಿತು. ಅದಕ್ಕೂ ಮೊದಲು, 2007ರಲ್ಲಿ ಆಮ್‌ಸ್ಟರ್‌ಡಾಂನ ಕಾರ್ನೆಲಿಸ್ ಸ್ಟಾಮ್ ಮಿದುಳಿನ ವಿದ್ಯುತ್ ತರಂಗಗಳನ್ನು ಅಳೆದು, ಅಲ್ಜೈಮರ್ ರೋಗಿಗಳಲ್ಲಿ ಒಂದು ಭಾಗದಿಂದ ಇನ್ನೊಂದನ್ನು ಮುಟ್ಟುವ ಹಾದಿ ಸುತ್ತುಬಳಸಾಗಿದೆ ಎಂದಿದ್ದರು. ಅಡ್ಡದಾರಿ ಕಡಿದಾಗ ಸುದ್ದಿ ಹಳ್ಳಿ ಹಳ್ಳಿ ಸುತ್ತಿ ಬರಬೇಕಾಗುತ್ತದೆ. ಪದ ನಾಲಗೆಯ ತುದಿಯಲ್ಲಿದ್ದೂ ಬಾರದಿರುವ ರೋಗಿಯ ತೊಳಲಾಟವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು.

2009ರಲ್ಲೇ ಕ್ಯಾಲಿಫೋರ್ನಿಯಾದ ವಿಲಿಯಂ ಸೀಲಿ ಮತ್ತು ಸಂಗಡಿಗರು ಐದು ಬಗೆಯ ಮರೆವಿನ ಮತ್ತು ಮಾತು ಕೆಡುವ ರೋಗಗಳನ್ನು ಹೋಲಿಸಿದರು. ಒಂದೊಂದು ರೋಗವೂ ಮಿದುಳಿನ ಒಂದೊಂದು ಜಾಲವನ್ನು ಆರಿಸಿಕೊಂಡು ನಾಶಮಾಡುತ್ತಿತ್ತು. 2012ರಲ್ಲಿ ಕೊಲಂಬಿಯಾ ಮತ್ತು ಹಾರ್ವರ್ಡ್‌ನ ಎರಡು ತಂಡಗಳು ಇಲಿಗಳಲ್ಲಿ ಮಾಡಿದ ಪ್ರಯೋಗ ಇನ್ನೂ ಮಹತ್ವದ್ದು. ಹಿಪ್ಪೊಕ್ಯಾಂಪಸ್‌ನ ಹೆಬ್ಬಾಗಿಲಿನ ಕೋಶಗಳಲ್ಲಿ ಮಾತ್ರ ಕೆಟ್ಟ ಟಾವ್ ತಯಾರಾಗುವಂತೆ ಮಾಡಿದ್ದರೂ, ಇಲಿಗೆ ವಯಸ್ಸಾದಂತೆ ಅದು ಮುಂದಿನ ಭಾಗಗಳಲ್ಲೂ ಕಾಣಿಸಿಕೊಂಡಿತು. ಒಂದು ಕೋಶದಿಂದ ಅದರ ಜೊತೆ ಸಂಪರ್ಕವಿದ್ದ ಇನ್ನೊಂದಕ್ಕೆ ದಾಟಿಹೋಗಿತ್ತು. ಸುದ್ದಿ ಹೋಗುವ ಹಾದಿಯಲ್ಲೇ ರೋಗವೂ ಪ್ರಯಾಣ ಮಾಡುತ್ತದೆ ಎಂದಾಯಿತು. ಬ್ರಾಕ್ ದಂಪತಿ ಕಂಡಿದ್ದ ಆರು ಹಂತಗಳ ಗುಟ್ಟು ಇಲ್ಲಿರಬಹುದು.

ಹೈದರಾಬಾದ್ ಮತ್ತು ಶ್ರೀನಿವಾಸಪುರ

ಕಡಿದ ಹಾದಿಗೆ ಬದಲಿ ಹಾದಿ ಇದ್ದವರು ರೋಗವನ್ನು ಹೆಚ್ಚು ಕಾಲ ತಾಳಿಕೊಳ್ಳಬಲ್ಲರೆ? ಗಸಿ ತುಂಬಿದ್ದೂ ಚುರುಕಾಗಿದ್ದ ವೃದ್ಧರ ಒಗಟಿಗೆ ಇದೇ ಉತ್ತರವೆಂದು ಹಲವರು ಭಾವಿಸುತ್ತಾರೆ. ಇದಕ್ಕೆ ಒಂದು ಗಮನಾರ್ಹ ಸಾಕ್ಷ್ಯ ಬಂದದ್ದು ನಮ್ಮ ನೆರೆಯ ಹೈದರಾಬಾದಿನಿಂದ. ಅಲ್ಲಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ರೋಗವಿದ್ದ 648 ಮಂದಿಯನ್ನು ಅಧ್ಯಯನ ಮಾಡಿ 2013ರಲ್ಲಿ ವರದಿ ಕೊಟ್ಟರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಅಂತರವಿತ್ತು. ಶಾಲೆಯ ಮೆಟ್ಟಿಲು ಹತ್ತದೆಯೂ ಎರಡು ಮೂರು ಭಾಷೆಯಲ್ಲಿ ವ್ಯವಹರಿಸುವವರು ಗಡಿಭಾಗದ ಕರ್ನಾಟಕದಲ್ಲಿ ಮನೆಮನೆಯಲ್ಲೂ ಸಿಗುತ್ತಾರೆ. ಭಾಷೆ ರೋಗವನ್ನು ತಡೆಯುತ್ತದೆ ಎಂದು ಇದರಿಂದ ಹೇಳಲಾಗದು. ಅದು ಮುಂದೂಡಬಹುದು ಎಂಬಷ್ಟು ಮಾತ್ರ ಹೇಳಬಹುದು. ಡಾ. ಅಲ್ಲಾಡಿ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು.

ಸಂಪರ್ಕ ಜಾಲದ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಅಮೆರಿಕ, ಯೂರೋಪಿನ ಓದುಬಲ್ಲ ನಗರವಾಸಿಗಳ ಮಿದುಳನ್ನು ನೋಡಿ ತಿಳಿದದ್ದು. ಈ ಕೊರತೆಯನ್ನು ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಒಂದು ದೀರ್ಘ ಅಧ್ಯಯನವನ್ನು ಆರಂಭಿಸಿತು. 45 ವರ್ಷ ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಂಡು, ವರ್ಷಾನುವರ್ಷ ಅವರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಮಾವಿನ ತೋಪುಗಳ ಈ ತಾಲ್ಲೂಕಿನ ರೈತರ ಮಿದುಳಿನ ಜಾಲ ಬಾಸ್ಟನ್‌ನವರಂತೆಯೇ ಸಡಿಲವಾಗುತ್ತದೆಯೋ, ಬೇರೆ ರೀತಿಯಲ್ಲೋ ಎಂಬುದು ವರ್ಷಗಳು ಕಳೆದಂತೆ ತಿಳಿಯಬೇಕು. ವಿಷಯ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಒಂದಲ್ಲ ಒಂದು ಬಗೆಯ ಮರೆವಿನ ರೋಗವಿದೆ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಪಾಲಿಗೆ ಸುಳ್ಳು ಎಂದೂ ಈ ಅಂಕಿ ಹೇಳುತ್ತದೆ.

ನಕ್ಷೆಯಿಂದ ಮದ್ದಿನವರೆಗೆ

ಜಾಲದ ನಕ್ಷೆ ಕೈಗೆ ಬಂದ ಮಾತ್ರಕ್ಕೆ ಚಿಕಿತ್ಸೆ ಸಿಕ್ಕಂತಾಗಿಲ್ಲ. ಸಂಪರ್ಕದ ಚಿತ್ರಗಳು ಗುಂಪಿನ ಸರಾಸರಿಯನ್ನು ಚೆನ್ನಾಗಿ ತೋರಿಸುತ್ತವೆ. ಎದುರಿಗೆ ಕುಳಿತ ಒಬ್ಬ ರೋಗಿಗೆ ಅಲ್ಜೈಮರ್ ಇದೆಯೇ ಎಂದು ಅವುಗಳಿಂದಷ್ಟೇ ಹೇಳಲಾಗದು. ಯಂತ್ರದೊಳಗೆ ತಲೆ ತುಸು ಅಲುಗಿದರೂ ಲೆಕ್ಕ ತಪ್ಪುತ್ತದೆ. ಇನ್ನೊಂದು ಗೊಂದಲವೂ ಇದೆ. ರೋಗದ ಆರಂಭದಲ್ಲಿ ಕೆಲವು ಭಾಗಗಳ ಚಟುವಟಿಕೆ ಕಡಿಮೆಯಾಗುವ ಬದಲು ಹೆಚ್ಚಾಗಿರುವುದು ಕಂಡುಬಂದಿದೆ. ಅದು ನಷ್ಟವನ್ನು ತುಂಬಿಕೊಳ್ಳುವ ಪ್ರಯತ್ನವೋ, ಆರುವ ಮೊದಲು ದೀಪ ಭಗ್ಗೆಂದು ಉರಿಯುವ ಹಾಗೋ ಎಂಬ ವಾದ ಮುಗಿದಿಲ್ಲ.

ಅಮಿಲಾಯ್ಡ್ ಗಸಿಯನ್ನು ತೊಳೆಯುವ ಲೆಕಾನೆಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರ ಜುಲೈಯಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಆರಂಭದ ಹಂತದ ರೋಗಿಗಳ ಮೇಲೆ ನಡೆದ 18 ತಿಂಗಳ ಪರೀಕ್ಷೆಯಲ್ಲಿ ಅದು ಅವನತಿಯ ವೇಗವನ್ನು ಶೇ 27ರಷ್ಟು ತಗ್ಗಿಸಿತ್ತು. ಕೆಲವರಲ್ಲಿ ಮಿದುಳಿನ ಊತ, ಸಣ್ಣ ರಕ್ತಸ್ರಾವಗಳೂ ಉಂಟಾದವು. ಗಸಿ ಬಹುಮಟ್ಟಿಗೆ ಹೋದರೂ ರೋಗ ನಿಲ್ಲಲಿಲ್ಲ, ನಿಧಾನವಾಯಿತು ಅಷ್ಟೇ. ಕಲೆಯನ್ನು ಅಳಿಸಿದರೆ ಕೊಂಡಿ ತಾನಾಗಿ ಕೂಡುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಕಡಿದ ಕೊಂಡಿಯನ್ನು ಮತ್ತೆ ಹೆಣೆಯುವ ಔಷಧ ಇನ್ನೂ ಬಂದಿಲ್ಲ.

ಆದರೂ ಈ ನೂರು ವರ್ಷಗಳ ತಿಳಿವಿನಿಂದ ರೋಗಿಯ ಮನೆಯವರಿಗೆ ಒಂದು ಉಪಕಾರವಾಗಿದೆ. ಮಗಳ ಹೆಸರು ಬಾಯಿಗೆ ಬಾರದ ತಾಯಿಯ ಮನಸ್ಸಿನಿಂದ ಮಗಳು ಅಳಿಸಿಹೋಗಿದ್ದಾಳೆ ಎಂದೇನೂ ಇಲ್ಲ. ಮುಖ ಒಂದು ಕಡೆ, ಹೆಸರು ಇನ್ನೊಂದು ಕಡೆ, ಅಕ್ಕರೆ ಮತ್ತೊಂದು ಕಡೆ ಉಳಿದು, ನಡುವಿನ ಹಾದಿ ಕಡಿದಿರಬಹುದು. ಹೆಸರು ಹೇಳು ಎಂದು ಪರೀಕ್ಷೆ ಮಾಡಿದರೆ ಆ ತಾಯಿ ಕಂಗಾಲಾಗುತ್ತಾಳೆ. ಕೈ ಹಿಡಿದು ಪಕ್ಕದಲ್ಲಿ ಕುಳಿತರೆ ಮುಖ ಅರಳುತ್ತದೆ. ಮರೆವು ಮಿತಿಮೀರಿದೆ ಎನಿಸಿದಾಗ ಗಾದೆ ಹೇಳಿ ಸುಮ್ಮನಾಗದೆ ವೈದ್ಯರಿಗೆ ತೋರಿಸುವುದು ಮೊದಲ ಕೆಲಸ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆಗಳಿಂದ ಬಂದ ಮರೆವಾದರೆ ಅದಕ್ಕೆ ಚಿಕಿತ್ಸೆಯಿದೆ. ಅಲ್ಜೈಮರ್ ರೋಗವೇ ಆಗಿದ್ದರೆ, ಯಾವ ಹಾದಿ ಮುಚ್ಚಿದೆ, ಯಾವುದು ಇನ್ನೂ ತೆರೆದಿದೆ ಎಂಬುದನ್ನು ಮನೆಯವರು ತಿಳಿದುಕೊಳ್ಳಬೇಕು. ತೆರೆದಿರುವ ಹಾದಿಯಲ್ಲಿ ರೋಗಿಯ ಜೊತೆ ಮಾತು, ಒಡನಾಟ ಇನ್ನೂ ಸಾಧ್ಯ.